ನಾಲ್ಕು ಕೈಗಳಲ್ಲಿ ಒಂದು ವಾದ್ಯವೃಂದ



ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಬೀಥೋವನ್ನನ ಒಂಬತ್ತನೆಯ ಸಿಂಫನಿ ವಿಯೆನ್ನಾ ನಗರದಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು 1824ರ ಮೇ 7ರಂದು. ಎಡಿಸನ್ನನ ಫೋನೋಗ್ರಾಫ್ ಹುಟ್ಟಿದ್ದು 1877ರಲ್ಲಿ. ಆರ್ಥರ್ ನಿಕಿಷ್ ಎಂಬ ಪ್ರಸಿದ್ಧ ನಿರ್ದೇಶಕ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ಮುಂದಿಟ್ಟುಕೊಂಡು ಬೀಥೋವನ್ನನ ಐದನೆಯ ಸಿಂಫನಿಯನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿದ್ದು 1913ರಲ್ಲಿ. 1824ಕ್ಕೂ 1913ಕ್ಕೂ ನಡುವೆ 89 ವರ್ಷ. ಈ ಅವಧಿಯಲ್ಲಿ ಜರ್ಮನಿಯ ಯಾವುದೋ ಸಣ್ಣ ಊರಿನ ಶಾಲಾ ಉಪಾಧ್ಯಾಯನೋ, ಔಷಧಿ ಅಂಗಡಿಯವನ ಮಗಳೋ ಬೀಥೋವನ್ನನ ಸಿಂಫನಿಯನ್ನು ಕೇಳಬೇಕೆಂದರೆ ಏನು ಮಾಡಬೇಕಾಗಿತ್ತು?

ರೇಡಿಯೋ ಇರಲಿಲ್ಲ, ಕ್ಯಾಸೆಟ್ ಇರಲಿಲ್ಲ. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಫೋನಿನ ಮಾತಂತೂ ದೂರವೇ ಉಳಿಯಿತು. ದೊಡ್ಡ ವಾದ್ಯವೃಂದಗಳು ದೊಡ್ಡ ಪಟ್ಟಣಗಳಲ್ಲಿ ಮಾತ್ರ ಇದ್ದವು. ಅಲ್ಲಿಯೂ ಒಂದು ಕೃತಿಯನ್ನು ಒಮ್ಮೆ ನುಡಿಸಿದರೆ ಅದು ಮತ್ತೆ ಯಾವ ವರ್ಷ ಬರುತ್ತದೆಂದು ಹೇಳುವಂತಿರಲಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ಓದುಬಲ್ಲ ಮನೆತನಗಳ ಜನ ಈ ಸಿಂಫನಿಗಳ ಬಗ್ಗೆ ಮಾತನಾಡುತ್ತಿದ್ದ ರೀತಿ ನೋಡಿದರೆ, ತಮ್ಮ ಮನೆಯ ಹಿತ್ತಲನ್ನು ಬಲ್ಲವರಂತೆ ಮಾತನಾಡುತ್ತಾರೆ. ಇಂಥ ಕಡೆ ಈ ತಿರುವು ಬರುತ್ತದೆ, ಇಂಥ ಕಡೆ ಮೊದಲ ರಾಗಭಾಗ ಮರಳುತ್ತದೆ ಎಂದೆಲ್ಲ ಅವರಿಗೆ ಗೊತ್ತು. ಕೇಳದೆ ಹೇಗೆ ಗೊತ್ತಾಯಿತು?

ಅವರು ಕೇಳಿರಲಿಲ್ಲ, ನುಡಿಸಿದ್ದರು. ಮನೆಯ ಹಜಾರದಲ್ಲಿದ್ದ ಒಂದೇ ಪಿಯಾನೋ ಮುಂದೆ ಇಬ್ಬರು ಕುಳಿತು, ನಾಲ್ಕು ಕೈಗಳಿಂದ, ಅರವತ್ತು ಎಪ್ಪತ್ತು ಜನರ ವಾದ್ಯವೃಂದದ ಕೆಲಸವನ್ನು ತಾವೇ ಮಾಡಿದ್ದರು. ಈ ಸಂಚಿಕೆಯ ಮಾತುಕತೆಯಲ್ಲಿ ನೀವು ನೋಡಲಿರುವುದು ಈ ಅಭ್ಯಾಸದ ಕಥೆಯನ್ನು. ಪಾಶ್ಚಾತ್ಯ ಸಂಗೀತದ ಇತಿಹಾಸ ಬರೆಯುವವರು ಮಹಾ ಸಂಯೋಜಕರ ಬಗ್ಗೆ, ಮಹಾ ಸಭಾಂಗಣಗಳ ಬಗ್ಗೆ ಪುಟಗಟ್ಟಲೆ ಬರೆದು, ಈ ಪಿಯಾನೋ ಬೆಂಚಿನ ವಿಷಯವನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವುದುಂಟು. ನನಗೇನೋ ಅದು ನ್ಯಾಯವೆನಿಸುವುದಿಲ್ಲ.

ಮೊದಲು ಆ ಬೆಂಚಿನ ವ್ಯವಸ್ಥೆಯನ್ನು ತಿಳಿದುಕೊಳ್ಳಿ. ಬಲಗಡೆ ಕುಳಿತವರದು ತಾರಸ್ಥಾಯಿಯ ಭಾಗ. ಅದಕ್ಕೆ ಪ್ರೀಮೋ ಎಂದು ಹೆಸರು. ಎಡಗಡೆಯವರದು ಮಂದ್ರದ ಭಾಗ, ಅದು ಸೆಕೊಂಡೋ. ಪುಸ್ತಕವನ್ನು ತೆರೆದಿಟ್ಟರೆ ಎಡಪುಟದಲ್ಲಿ ಸೆಕೊಂಡೋ ಸ್ವರಲಿಪಿ, ಬಲಪುಟದಲ್ಲಿ ಪ್ರೀಮೋ ಸ್ವರಲಿಪಿ. ಇಬ್ಬರೂ ತಮ್ಮ ತಮ್ಮ ಪುಟದ ಕೊನೆಗೆ ಒಂದೇ ಕ್ಷಣದಲ್ಲಿ ತಲುಪುವಂತೆ ಅಚ್ಚುಹಾಕಿರುತ್ತಾರೆ. ಕಾಲಿನ ಪೆಡಲು ಸಾಮಾನ್ಯವಾಗಿ ಸೆಕೊಂಡೋ ನುಡಿಸುವವರ ವಶದಲ್ಲಿರುತ್ತದೆ. ಅಂದರೆ ನಿಮ್ಮ ಸ್ವರ ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ಪಕ್ಕದವರ ಪಾದ ತೀರ್ಮಾನಿಸುತ್ತದೆ. ಇಬ್ಬರಲ್ಲಿ ಹೊಂದಾಣಿಕೆ ಇಲ್ಲದಿದ್ದರೆ ಏನಾಗಬಹುದೆಂದು ಊಹಿಸಿಕೊಳ್ಳಿ. ಒಮ್ಮೆ ನಮ್ಮ ಸ್ಟುಡಿಯೋದಲ್ಲಿ ಇಬ್ಬರು ಕಲಾವಿದರು ಹೀಗೆ ನುಡಿಸುವುದನ್ನು ಚಿತ್ರೀಕರಿಸಿದೆವು. ಕ್ಯಾಮೆರಾ ಎಲ್ಲಿ ಇಟ್ಟರೂ ಮಧ್ಯದಲ್ಲಿ ಒಂದು ಮೊಣಕೈ ಅಡ್ಡ ಬರುತ್ತಿತ್ತು! ಪ್ರೀಮೋದ ಎಡಗೈ ಮತ್ತು ಸೆಕೊಂಡೋದ ಬಲಗೈ ಒಂದೇ ಜಾಗಕ್ಕಾಗಿ ಜಗಳವಾಡುವುದೇ ಈ ಪದ್ಧತಿಯ ನಿತ್ಯದ ಪಾಡು ಎಂದು ಅವರು ನಗುತ್ತಾ ಹೇಳಿದರು.

ಇಬ್ಬರೇಕೆ, ಒಬ್ಬರೇ ನುಡಿಸಬಾರದೇ ಎಂದು ನೀವು ಕೇಳಬಹುದು. ನುಡಿಸಬಹುದು, ಹಂಗೇರಿಯ ಫ್ರಾಂಜ್ ಲಿಸ್ಟ್ ಬೀಥೋವನ್ನನ ಒಂಬತ್ತೂ ಸಿಂಫನಿಗಳನ್ನು ಎರಡೇ ಕೈಗಳಿಗೆ ಅಳವಡಿಸಿ 1865ರ ಹೊತ್ತಿಗೆ ಸಂಪೂರ್ಣವಾಗಿ ಪ್ರಕಟಿಸಿದ. ಆದರೆ ಅದನ್ನು ನುಡಿಸಲು ಲಿಸ್ಟನಂಥ ಬೆರಳುಗಳೇ ಬೇಕು. ಸಾಮಾನ್ಯ ಮನೆಯ ಜನರಿಗೆ ಬೇಕಾದದ್ದು ಹತ್ತು ಬೆರಳುಗಳ ಹೊರೆಯನ್ನು ಇಪ್ಪತ್ತಕ್ಕೆ ಹಂಚುವ ಉಪಾಯ. ಲಿಸ್ಟನಿಗೆ ಬಾಲ್ಯದಲ್ಲಿ ಪಾಠ ಹೇಳಿದ, ಸ್ವತಃ ಬೀಥೋವನ್ನನ ಶಿಷ್ಯನಾಗಿದ್ದ ಕಾರ್ಲ್ ಚೆರ್ನಿ ಆ ಕೆಲಸವನ್ನು ಮಾಡಿಕೊಟ್ಟ. ಗುರುವಿನ ಸಿಂಫನಿಗಳನ್ನು ಆತ ನಾಲ್ಕು ಕೈಗಳಿಗೆ ಬರೆದ. ಪಿಯಾನೋ ಕಲಿತ ಮಕ್ಕಳೆಲ್ಲ ಚೆರ್ನಿಯನ್ನು ಬೆರಳಿನ ಕಸರತ್ತುಗಳ ಪುಸ್ತಕ ಬರೆದವನೆಂದು ಶಪಿಸುತ್ತಾ ನೆನೆಯುತ್ತಾರೆ. ಪಾಪ, ಅವನಿಗೆ ಈ ಉಪಕಾರದ ಯಶಸ್ಸೂ ಸಲ್ಲಬೇಕು.

ಇನ್ನು ವಾದ್ಯವೃಂದದ ಮೂಲ ಸ್ವರಲಿಪಿಯನ್ನೇ ಓದಿಕೊಳ್ಳಬಹುದಲ್ಲ ಎಂಬ ಪ್ರಶ್ನೆ. ಅದು ಅಷ್ಟು ಸುಲಭವಲ್ಲ. ಒಂದೇ ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಹದಿನೈದು ಇಪ್ಪತ್ತು ಸಾಲುಗಳು. ಕೊಳಲಿಗೊಂದು, ಓಬೋಗೊಂದು, ಕ್ಲಾರಿನೆಟ್ಟಿಗೊಂದು, ಕೆಳಗೆ ಪಿಟೀಲುಗಳಿಗೆ ಬೇರೆ. ಇವೆಲ್ಲವನ್ನೂ ಕಣ್ಣು ಒಂದೇ ಕ್ಷಣದಲ್ಲಿ ಹಿಡಿಯಬೇಕು. ಸಾಲದ್ದಕ್ಕೆ ಕೆಲವು ವಾದ್ಯಗಳಿಗೆ ಬರೆಯುವ ಸ್ವರವೇ ಬೇರೆ, ಹೊರಡುವ ಸ್ವರವೇ ಬೇರೆ. ಬಿ-ಫ್ಲಾಟ್ ಕ್ಲಾರಿನೆಟ್ಟಿಗೆ ಬರೆದದ್ದು ಒಂದು ಪೂರ್ಣಸ್ವರದಷ್ಟು ಕೆಳಗೆ ಕೇಳುತ್ತದೆ. ಎಫ್ ಶ್ರುತಿಯ ಹಾರ್ನ್ ವಾದ್ಯಕ್ಕೆ ಬರೆದದ್ದು ಪಂಚಮದಷ್ಟು ಕೆಳಗೆ ಕೇಳುತ್ತದೆ. ನಮ್ಮಲ್ಲಿ ಗಾಯಕರು ತಮ್ಮ ಶ್ರುತಿಗೆ ತಕ್ಕಂತೆ ಸ ಹಿಡಿಯುವ ಹಾಗೆ, ಆ ವಾದ್ಯಗಳೂ ತಮ್ಮ ತಮ್ಮ ಸ ಇಟ್ಟುಕೊಂಡಿವೆ ಎಂದು ತಿಳಿದರೆ ಸಾಕು. ಪಿಯಾನೋ ರೂಪಾಂತರ ಮಾಡುವವನು ಈ ಗೋಜಲನ್ನೆಲ್ಲ ಬಿಡಿಸಿ, ನಿಜವಾಗಿ ಕೇಳುವ ಸ್ವರಗಳನ್ನು ಮಾತ್ರ ನಿಮ್ಮ ಮುಂದಿಡುತ್ತಾನೆ.

ಆದರೆ ಬಿಡಿಸುವಾಗ ಕೆಲವನ್ನು ಕಳೆಯಲೇಬೇಕು. ಏನು ಕಳೆಯುತ್ತದೆ? ನಾನು ವಿಜ್ಞಾನ ಓದಿದವನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಬೇಸರಪಡಬೇಡಿ.

ಪಿಯಾನೋದ ಕೀಲಿಯನ್ನು ಒತ್ತಿದಾಗ ಒಳಗಿನ ಒಂದು ಸಣ್ಣ ಸುತ್ತಿಗೆ ತಂತಿಗೆ ಬಡಿದು ತಕ್ಷಣ ಹಿಂದೆ ಸರಿಯುತ್ತದೆ. ತಂತಿ ಕಂಪಿಸುತ್ತದೆ, ಆ ಗಳಿಗೆಯಿಂದಲೇ ಅದರ ಶಕ್ತಿ ಸೋರಿಹೋಗಲು ಶುರುವಾಗುತ್ತದೆ. ಒಮ್ಮೆ ಹೊಡೆದ ಸ್ವರವನ್ನು ಕ್ಷೀಣಿಸದಂತೆ ತಡೆಯುವುದಾಗಲಿ, ಬೆಳೆಸುವುದಾಗಲಿ ಯಾವ ಮಹಾನ್ ವಾದಕನ ಕೈಯಲ್ಲೂ ಇಲ್ಲ. ಪಿಟೀಲಿನ ಕಮಾನಾದರೋ ತಂತಿಗೆ ಸತತವಾಗಿ ಶಕ್ತಿ ತುಂಬುತ್ತಲೇ ಇರುತ್ತದೆ. ಕೊಳಲೂದುವವನ ಉಸಿರೂ ಹಾಗೆಯೇ. ಆದ್ದರಿಂದ ಪಿಟೀಲುಗಳು ಮೆಲ್ಲನೆ ಹಿಡಿದು ಏರಿಸುವ ಒಂದು ದೀರ್ಘ ಸ್ವರ ಪಿಯಾನೋಗೆ ಬಂದಾಗ, ಅದನ್ನು ಪಟಪಟನೆ ಮತ್ತೆ ಮತ್ತೆ ಬಡಿಯುವ ಸ್ವರಗಳಾಗಿ ಒಡೆಯಬೇಕಾಗುತ್ತದೆ. ಎರಡನೆಯ ನಷ್ಟ ನಾದಗುಣದ್ದು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಬೆಸಸಂಖ್ಯೆಯ ಉಪಸ್ವರಗಳೇ ಬಲವಾಗಿ ಹೊಮ್ಮುತ್ತವೆ ಎಂದು ಭೌತಶಾಸ್ತ್ರದ ಪಾಠದಲ್ಲಿ ನೀವು ಓದಿರುತ್ತೀರಿ. ಕ್ಲಾರಿನೆಟ್ಟಿನ ಕೆಳಸ್ಥಾಯಿಯ ಆ ಟೊಳ್ಳಾದ, ಬೆಚ್ಚನೆಯ ಧ್ವನಿಗೆ ಕಾರಣ ಅದೇ. ಪಿಯಾನೋದಲ್ಲಿ ಕ್ಲಾರಿನೆಟ್ಟೂ ಪಿಯಾನೋ, ಕಹಳೆಯೂ ಪಿಯಾನೋ, ಪಿಟೀಲೂ ಪಿಯಾನೋ.

ಒಂದು ಉದಾಹರಣೆ. ಬೀಥೋವನ್ನನ ಐದನೆಯ ಸಿಂಫನಿಯ ಆರಂಭದ ನಾಲ್ಕು ಹೊಡೆತಗಳು ಎಲ್ಲರಿಗೂ ಗೊತ್ತು. ಸಂಗೀತ ಗೊತ್ತಿಲ್ಲದವರಿಗೂ ಜಾಹೀರಾತುಗಳ ದೆಸೆಯಿಂದ ಗೊತ್ತು. ಅದನ್ನು ನುಡಿಸುವುದು ತಂತಿವಾದ್ಯಗಳು ಮಾತ್ರವಲ್ಲ, ಅವುಗಳೊಡನೆ ಎರಡು ಕ್ಲಾರಿನೆಟ್ಟುಗಳೂ ಸೇರಿವೆ. ಪಿಯಾನೋ ಪುಸ್ತಕ ಎಷ್ಟು ನೋಡಿದರೂ ಈ ಕ್ಲಾರಿನೆಟ್ಟುಗಳ ಸುಳಿವು ನಿಮಗೆ ಸಿಗುವುದಿಲ್ಲ. ಅದೇ ಕೃತಿಯ ಮೂರನೆಯ ಭಾಗ ಮುಗಿಯುವಲ್ಲಿ ತಂತಿವಾದ್ಯಗಳು ಒಂದು ಸ್ವರಗುಚ್ಛವನ್ನು ಉಸಿರು ಬಿಗಿಹಿಡಿದಂತೆ ಹಿಡಿದಿರುತ್ತವೆ, ಕೆಳಗೆ ನಗಾರಿ ಮೆಲ್ಲಗೆ ತಟ್ಟುತ್ತಿರುತ್ತದೆ. ಆಮೇಲೆ ಕತ್ತಲ ಕೋಣೆಯ ಬಾಗಿಲು ತೆರೆದಂತೆ ಕೊನೆಯ ಭಾಗ ಸ್ಫೋಟಿಸುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಮೂರು ಟ್ರಾಂಬೋನ್‌ಗಳು, ಪಿಕೊಲೋ ಕೊಳಲು ಮತ್ತು ಕಾಂಟ್ರಾಬಸೂನ್ ಆಗ ಎದ್ದು ಕೂಡಿಕೊಳ್ಳುತ್ತವೆ. ಪಿಯಾನೋದಲ್ಲಿ ಆ ನಗಾರಿ ಎಡಗೈಯ ಒಂದು ಮಂದ್ರಸ್ವರ. ಆ ಹೊಸಬರ ಆಗಮನ ಇನ್ನಷ್ಟು ಜೋರಾದ ಹೊಡೆತ, ಅಷ್ಟೇ.

ಹಾಗಾದರೆ ಉಳಿಯುವುದೇನು? ನಾನು ಈ ವೃತ್ತಿಗೆ ಬಂದ ಹೊಸತರಲ್ಲಿ ಸ್ಟುಡಿಯೋ ಕ್ಯಾಮೆರಾಗಳ ವ್ಯೂಫೈಂಡರ್ ಕಪ್ಪು-ಬಿಳುಪಿನದಾಗಿತ್ತು. ಹೊರಗೆ ಹೋಗುವ ಚಿತ್ರ ಬಣ್ಣದ್ದು, ಕ್ಯಾಮೆರಾ ಹಿಡಿದವರು ನೋಡುವುದು ಮಾತ್ರ ಕಪ್ಪು-ಬಿಳುಪು. ಇದೇನು ಬಡತನ ಎಂದು ನಾನು ಕೇಳಿದ್ದಕ್ಕೆ ಹಿರಿಯ ಕ್ಯಾಮೆರಾಮನ್ ಒಬ್ಬರು, “ಬಣ್ಣ ಇದ್ರೆ ಕಣ್ಣು ಬಣ್ಣದ ಹಿಂದೇನೇ ಹೋಗುತ್ತೆ ಸಾರ್, ಫೋಕಸ್ ತಪ್ಪುತ್ತೆ” ಎಂದರು. ನಾಲ್ಕು ಕೈಗಳ ಪಿಯಾನೋ ಕೂಡ ಅಂಥ ವ್ಯೂಫೈಂಡರ್. ಮೊಜಾರ್ಟನ 1788ರ ನಲವತ್ತನೆಯ ಸಿಂಫನಿಯನ್ನು ಸಭೆಯಲ್ಲಿ ಕೇಳುವವರು ಮೊದಲ ಪಿಟೀಲುಗಳ ಮಧುರ ರಾಗಭಾಗಕ್ಕೆ ಮನಸೋತು ಉಳಿದುದನ್ನು ಮರೆಯುತ್ತಾರೆ. ಸೆಕೊಂಡೋ ನುಡಿಸುವವರಿಗೆ ಆ ಮರೆವು ಸಾಧ್ಯವಿಲ್ಲ. ಆ ರಾಗಭಾಗ ಶುರುವಾಗುವುದಕ್ಕೆ ಮೊದಲೇ ವಿಯೋಲಾಗಳು ಎರಡು ಗುಂಪಾಗಿ ಒಂದು ಚಡಪಡಿಕೆಯನ್ನು ಆರಂಭಿಸಿರುತ್ತವೆ, ಆ ಚಡಪಡಿಕೆ ಈಗ ಅವರ ಬೆರಳುಗಳಲ್ಲಿದೆ. ಪಲ್ಲವಿಯನ್ನು ಕೇಳುವುದು ಬೇರೆ, ತಾಳ ಹಾಕುತ್ತಾ ಅದರ ಲೆಕ್ಕ ಹಿಡಿಯುವುದು ಬೇರೆ ಎಂಬುದು ನಮ್ಮ ಸಂಗೀತ ಕಲಿಯುವ ಮಕ್ಕಳಿಗೆ ಗೊತ್ತೇ ಇದೆ.

ಈ ವ್ಯೂಫೈಂಡರಿನಿಂದ ನೋಡಿದವರ ಪಟ್ಟಿ ದೊಡ್ಡದು. ರಿಚರ್ಡ್ ವಾಗ್ನರ್ ಹದಿನೇಳರ ಹುಡುಗನಾಗಿದ್ದಾಗ ಬೀಥೋವನ್ನನ ಒಂಬತ್ತನೆಯ ಸಿಂಫನಿಯ ಇಡೀ ಸ್ವರಲಿಪಿಯನ್ನು ಕೈಯಾರೆ ನಕಲು ಮಾಡಿ, ಬಳಿಕ ಅದಕ್ಕೊಂದು ಪಿಯಾನೋ ರೂಪಾಂತರ ಬರೆದು ಷಾಟ್ ಪ್ರಕಾಶನಕ್ಕೆ ಕಳಿಸಿದ. ಅವರು ಅಚ್ಚುಹಾಕಲಿಲ್ಲ. ಆದರೆ ಆ ಹುಡುಗನಿಗೆ ದಕ್ಕಬೇಕಾದ ಪಾಠ ದಕ್ಕಿತ್ತು. ರಾಬರ್ಟ್ ಶುಮನ್‌ನ ಕಥೆ ಇನ್ನೂ ಸ್ವಾರಸ್ಯವಾಗಿದೆ. 1835ರಲ್ಲಿ ಆತ ತನ್ನ ಪತ್ರಿಕೆಯಲ್ಲಿ ಫ್ರಾನ್ಸಿನ ಬೆರ್ಲಿಯೋಜ್‌ನ ‘ಸಿಂಫನಿ ಫೆಂಟಾಸ್ಟಿಕ್’ ಕೃತಿಯ ಮೇಲೆ ಒಂದು ಸುದೀರ್ಘ ವಿಮರ್ಶೆ ಬರೆದ. ಆ ಕೃತಿಯನ್ನು ಆತ ವಾದ್ಯವೃಂದದಲ್ಲಿ ಕೇಳಿರಲಿಲ್ಲ. ಅದರ ಪೂರ್ಣ ಸ್ವರಲಿಪಿ ಅಚ್ಚಾದದ್ದೇ ಹತ್ತು ವರ್ಷಗಳ ನಂತರ, 1845ರಲ್ಲಿ. ಶುಮನ್‌ನ ಮುಂದಿದ್ದದ್ದು ಲಿಸ್ಟ್ ಬರೆದ ಪಿಯಾನೋ ರೂಪಾಂತರವೊಂದೇ. ಬೆರ್ಲಿಯೋಜ್ ಎಂದರೆ ವಾದ್ಯಗಳ ಬಣ್ಣದ ಮಾಂತ್ರಿಕ. ಆ ಬಣ್ಣವೊಂದೂ ಇಲ್ಲದ ಪುಟಗಳಿಂದ ಶುಮನ್ ಕೃತಿಯ ಕಟ್ಟಡವನ್ನು ಗುರುತಿಸಿದ. ಇದು ಅಸ್ತವ್ಯಸ್ತವಾದ ಕೃತಿ ಎಂದು ಗೇಲಿ ಮಾಡುತ್ತಿದ್ದವರಿಗೆ ಅದರೊಳಗಿನ ಕ್ರಮವನ್ನು ತೋರಿಸಿಕೊಟ್ಟ. ಇಂಥ ವಿಮರ್ಶೆಯನ್ನು ಇಂದು ಯಾರಾದರೂ ಬರೆದರೆ, ಕೇಳದೆ ಬರೆದೆಯಾ ಎಂದು ನಾವು ಜಗಳಕ್ಕೆ ನಿಲ್ಲುತ್ತೇವೆ.

ಪ್ರಕಾಶಕರಿಗೂ ಇದು ಲಾಭದ ಬೆಳೆ. ಲೈಪ್‌ಜಿಗ್‌ನ ಪೀಟರ್ಸ್ ಸಂಸ್ಥೆ 1867ರಲ್ಲಿ ಅಗ್ಗದ ಬೆಲೆಯ ಮಾಲೆಯನ್ನು ಆರಂಭಿಸಿತು. ಬಹುಕಾಲದ ಹಿಂದೆ ತೀರಿಕೊಂಡ ಸಂಯೋಜಕರ ಕೃತಿಗಳ ಹಕ್ಕುಸ್ವಾಮ್ಯ ಜರ್ಮನ್ ನಾಡಿನಲ್ಲಿ ಅದೇ ವರ್ಷ ತೀರಿತ್ತು. ಅಲ್ಲಿಂದ ಮುಂದೆ ಮನೆಮನೆಗೂ ಸಿಂಫನಿಗಳು.

ಆದರೆ ಪಿಯಾನೋ ಬೆಂಚು ಮೋಸವನ್ನೂ ಮಾಡಬಲ್ಲದು ಎಂಬುದಕ್ಕೆ 1885ರ ಅಕ್ಟೋಬರ್ ತಿಂಗಳ ಒಂದು ಸಂಜೆ ಸಾಕ್ಷಿ. ಯೊಹಾನೆಸ್ ಬ್ರಾಹ್ಮ್ಸ್ ತನ್ನ ನಾಲ್ಕನೆಯ ಸಿಂಫನಿಯನ್ನು ಆಗತಾನೇ ಮುಗಿಸಿದ್ದ. ತನ್ನ ನಾಲ್ಕೂ ಸಿಂಫನಿಗಳಿಗೆ ಪಿಯಾನೋ ರೂಪಾಂತರವನ್ನು ಆತ ತಾನೇ ಬರೆಯುತ್ತಿದ್ದ. ವಿಯೆನ್ನಾದ ಪಿಯಾನೋ ತಯಾರಕ ಎರ್‌ಬಾರ್‌ನ ಕೋಣೆಯಲ್ಲಿ ಆಪ್ತರನ್ನು ಕೂಡಿಸಿ, ಬ್ರಾಹ್ಮ್ಸ್ ಒಂದು ಪಿಯಾನೋದಲ್ಲಿ, ಇಗ್ನಾಜ್ ಬ್ರೂಲ್ ಇನ್ನೊಂದರಲ್ಲಿ ಕುಳಿತರು. ಒಂದರ ಬದಲು ಎರಡು ಪಿಯಾನೋ, ಕೈಗಳು ಮಾತ್ರ ನಾಲ್ಕೇ. ಕೇಳುಗರು ಸಾಮಾನ್ಯರಲ್ಲ. ಯೂರೋಪಿನ ಅತ್ಯಂತ ಪ್ರಭಾವಿ ವಿಮರ್ಶಕ ಹಾನ್ಸ್‌ಲಿಕ್, ನಿರ್ದೇಶಕ ಹಾನ್ಸ್ ರಿಕ್ಟರ್, ಶಸ್ತ್ರವೈದ್ಯ ಬಿಲ್‌ರೋಟ್, ಮುಂದೆ ಬ್ರಾಹ್ಮ್ಸ್‌ನ ಜೀವನಚರಿತ್ರೆ ಬರೆದ ಕಾಲ್‌ಬೆಕ್. ಮೊದಲ ಭಾಗ ಮುಗಿಯಿತು. ಯಾರೂ ಚಕಾರವೆತ್ತಲಿಲ್ಲ. ಕೊನೆಗೆ ಹಾನ್ಸ್‌ಲಿಕ್, ಇಬ್ಬರು ಮಹಾ ಬುದ್ಧಿವಂತರು ಸೇರಿಕೊಂಡು ತನ್ನನ್ನು ಇಷ್ಟು ಹೊತ್ತು ಥಳಿಸಿದಂತಾಯಿತು ಎಂಬರ್ಥದ ಮಾತಾಡಿದನಂತೆ. ಎಲ್ಲರೂ ನಕ್ಕರು, ಬ್ರಾಹ್ಮ್ಸ್ ನುಡಿಸುವುದನ್ನು ಮುಂದುವರಿಸಿದ. ಮಾರನೆಯ ದಿನ ಕಾಲ್‌ಬೆಕ್ ಆತನ ಮನೆಗೇ ಹೋಗಿ, ಮೂರನೆಯ ಭಾಗವನ್ನು ಕಿತ್ತುಹಾಕು, ಕೊನೆಯ ಭಾಗವನ್ನು ಬೇರೊಂದು ಕೃತಿಯಾಗಿ ಪ್ರಕಟಿಸು ಎಂದು ಸಲಹೆ ಕೊಟ್ಟ.

ಐವತ್ತೆರಡು ವರ್ಷದ, ಹೆಸರು ಮಾಡಿದ ಕಲಾವಿದ. ಆದರೂ ಎದುರಿಗಿದ್ದವರು ತನ್ನ ಶತ್ರುಗಳಲ್ಲ, ವರ್ಷಗಟ್ಟಲೆ ಬೆನ್ನಿಗೆ ನಿಂತ ಗೆಳೆಯರು. ಅವರಿಗೇ ಅರ್ಥವಾಗದ ಮೇಲೆ ಕೃತಿಯಲ್ಲೇ ದೋಷವಿರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಬ್ರಾಹ್ಮ್ಸ್ ಒಂದು ಸ್ವರವನ್ನೂ ತೆಗೆಯಲಿಲ್ಲ. ಅದೇ ಅಕ್ಟೋಬರ್ 25ರಂದು ಮೈನಿಂಗೆನ್ ಊರಿನಲ್ಲಿ ಅಲ್ಲಿನ ಆಸ್ಥಾನದ ವಾದ್ಯವೃಂದವನ್ನು ತಾನೇ ನಿರ್ದೇಶಿಸಿ ನುಡಿಸಿದಾಗ ಕೃತಿ ಗೆದ್ದಿತು.

ಗೆಳೆಯರು ಎಡವಿದ್ದೆಲ್ಲಿ? ನನ್ನ ಊಹೆ ಹೀಗಿದೆ. ಕಾಲ್‌ಬೆಕ್ ಕಿತ್ತುಹಾಕೆಂದ ಆ ಮೂರನೆಯ ಭಾಗದ ಅರ್ಧ ಉಲ್ಲಾಸ ಇರುವುದು ಟ್ರಯಾಂಗಲ್ ಎಂಬ ಪುಟ್ಟ ಉಕ್ಕಿನ ತ್ರಿಕೋನದ ಕಿಣಿಕಿಣಿಯಲ್ಲಿ, ಪಿಕೊಲೋದ ಚೀರಿನಲ್ಲಿ. ಅವೆರಡನ್ನೂ ತೆಗೆದು ಪಿಯಾನೋದಲ್ಲಿ ಬಡಿದರೆ ಗದ್ದಲವೊಂದೇ ಉಳಿಯುತ್ತದೆ. ಕೊನೆಯ ಭಾಗವಾದರೋ ಎಂಟು ಆವರ್ತಗಳ ಒಂದು ಏರುವ ಸ್ವರಸಾಲಿನ ಮೇಲೆ ಮೂವತ್ತು ಬದಲಾವಣೆಗಳನ್ನು ಕಟ್ಟಿದ ರಚನೆ. ಆ ಸ್ವರಸಾಲಿನ ಮೂಲ ಬಾಖ್‌ನ ಒಂದು ಗಾನಕೃತಿಯಲ್ಲಿದೆ. ಈ ಭಾಗಕ್ಕೆಂದೇ ಬ್ರಾಹ್ಮ್ಸ್ ಮೂರು ಟ್ರಾಂಬೋನ್‌ಗಳನ್ನು ಕಾಯ್ದಿರಿಸಿದ್ದ. ಮೂರು ಭಾಗಗಳುದ್ದಕ್ಕೂ ಬಾಯಿ ಮುಚ್ಚಿಕೊಂಡಿದ್ದವು ಏಕಾಏಕಿ ಎದ್ದು ಆ ಎಂಟು ಸ್ವರಗಳನ್ನು ಘೋಷಿಸಿದಾಗ ಸಭಾಂಗಣ ನಡುಗುತ್ತದೆ. ಎರ್‌ಬಾರ್‌ನ ಕೋಣೆಯಲ್ಲಿ ಅದು ಎಂಟು ಸ್ವರಗುಚ್ಛಗಳಾಗಿ ಕೇಳಿತು, ಬೇರೇನೂ ಇಲ್ಲ. ಕಪ್ಪು-ಬಿಳುಪಿನಲ್ಲಿ ಗೆರೆ ಸ್ಪಷ್ಟವಾಗುತ್ತದೆ ಎಂದು ಆಗಲೇ ಹೇಳಿದೆ. ಆದರೆ ಗೆರೆಯ ಜೊತೆ ಬಣ್ಣವೂ ಅರ್ಥದ ಭಾಗವಾಗಿರುವ ಕಡೆ, ಎಂಥ ಪಂಡಿತನ ಕಿವಿಯೂ ಸೋಲಬಹುದು.

ಇದಕ್ಕೆ ತದ್ವಿರುದ್ಧವಾದ ಘಟನೆ ಅದೇ ವಿಯೆನ್ನಾದಲ್ಲಿ ಎಂಟು ವರ್ಷ ಮೊದಲು ನಡೆದಿತ್ತು. 1877ರ ಡಿಸೆಂಬರ್ 16ರಂದು ಆಂಟನ್ ಬ್ರುಕ್ನರ್ ತನ್ನ ಮೂರನೆಯ ಸಿಂಫನಿಯನ್ನು ತಾನೇ ನಿರ್ದೇಶಿಸಿದ. ಭಾಗದಿಂದ ಭಾಗಕ್ಕೆ ಜನ ಎದ್ದು ಹೋಗುತ್ತಾ ಕೊನೆಗೆ ಬೆರಳೆಣಿಕೆಯಷ್ಟು ಕೇಳುಗರು ಉಳಿದರು. ವಾದಕರೂ ಜಾಗ ಖಾಲಿ ಮಾಡಿದರು. ಬ್ರುಕ್ನರ್ ಒಬ್ಬನೇ ಸ್ವರಲಿಪಿಯ ಕಾಗದಗಳನ್ನು ಹಿಡಿದು ನಿಂತಿದ್ದಾಗ ರೆಟಿಗ್ ಎಂಬ ಪ್ರಕಾಶಕ ಹತ್ತಿರ ಬಂದು, ನಾನು ಇದನ್ನು ಅಚ್ಚುಹಾಕಿಸುತ್ತೇನೆ ಎಂದ. ನಾಲ್ಕು ಕೈಗಳ ರೂಪಾಂತರವನ್ನು ಬರೆದವರು ಆಗಿನ್ನೂ ಹದಿಹರೆಯ ದಾಟದ ಇಬ್ಬರು ವಿದ್ಯಾರ್ಥಿಗಳು: ರುಡಾಲ್ಫ್ ಕ್ರಿಜನೋವ್‌ಸ್ಕಿ ಮತ್ತು ಗುಸ್ತಾವ್ ಮಾಹ್ಲರ್. ಅದು 1880ರಲ್ಲಿ ಪ್ರಕಟವಾಯಿತು. ಬ್ರುಕ್ನರ್ ಸಂತೋಷಗೊಂಡು ಹಸ್ತಪ್ರತಿಯನ್ನು ಮಾಹ್ಲರನಿಗೆ ಉಡುಗೊರೆಯಾಗಿ ಕೊಟ್ಟ. ಸಭಾಂಗಣ ಹೊರದೂಡಿದ ಕೃತಿ ಪಿಯಾನೋ ಬೆಂಚಿನ ಮೇಲೆ ಉಳಿದುಕೊಂಡಿತು. ಮುಂದೆ ತಾನೇ ದೊಡ್ಡ ಸಿಂಫನಿಕಾರನಾದ ಮಾಹ್ಲರ್, ಅಂಥ ಕಟ್ಟಡವನ್ನು ಒಳಗಿನಿಂದ ಬಿಚ್ಚಿ ನೋಡಿದ್ದು ಇಲ್ಲೇ.

ರೂಪಾಂತರದ ವಿಷಯದಲ್ಲಿ ಬೀಥೋವನ್ನನ ಹಟ ಎಂಥದಿತ್ತೆಂಬುದನ್ನೂ ಹೇಳಬೇಕು. ಅದು ವಾದ್ಯವೃಂದದ ಕೃತಿಯಲ್ಲ, ನಾಲ್ಕು ತಂತಿವಾದ್ಯಗಳ ‘ಮಹಾ ಫ್ಯೂಗ್’. ನಾಲ್ಕು ಧ್ವನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ, ಕೇಳುಗರನ್ನು ದಿಕ್ಕೆಡಿಸುವ ರಚನೆ. 1826ರಲ್ಲಿ ಪ್ರಕಾಶಕ ಆರ್ಟಾರಿಯಾ ಇದನ್ನು ನಾಲ್ಕು ಕೈಗಳಿಗೆ ಅಳವಡಿಸಲು ಆಂಟನ್ ಹಾಲ್ಮ್ ಎಂಬುವನಿಗೆ ಒಪ್ಪಿಸಿದ. ಕೈಗಳು ಒಂದಕ್ಕೊಂದು ಅಡ್ಡ ಬಾರದಿರಲೆಂದು ಹಾಲ್ಮ್ ಒಂದೇ ಧ್ವನಿಯ ಸಾಲನ್ನು ತುಂಡುಮಾಡಿ, ಒಂದು ತುಂಡು ಇವರಿಗೆ, ಇನ್ನೊಂದು ಅವರಿಗೆ ಹಂಚಿದ್ದ. ನುಡಿಸಲು ಸಲೀಸು, ಆದರೆ ಓಡುತ್ತಿರುವವನ ಕಾಲೊಂದನ್ನು ಪಕ್ಕದವನಿಗೆ ಕೊಟ್ಟಂತೆ! ಬೀಥೋವನ್ ಒಪ್ಪಲಿಲ್ಲ. ಕಿವಿ ಪೂರಾ ಕೇಳದ, ಬದುಕಿನ ಕೊನೆಯ ವರ್ಷದಲ್ಲಿದ್ದ ಆತ ಕುಳಿತು ಎಂಬತ್ತು ಪುಟಗಳ ರೂಪಾಂತರವನ್ನು ತಾನೇ ಬರೆದ. ಅದು ಅಚ್ಚಾಗಿ ಹೊರಬರುವಷ್ಟರಲ್ಲಿ, 1827ರಲ್ಲಿ, ಆತ ತೀರಿಕೊಂಡಿದ್ದ. ಆ ಹಸ್ತಪ್ರತಿ 1890ರ ಒಂದು ಹರಾಜಿನ ಬಳಿಕ ಕಣ್ಮರೆಯಾಯಿತು. ಒಂದು ಶತಮಾನಕ್ಕೂ ಮೀರಿದ ಮೇಲೆ, 2005ರ ಬೇಸಿಗೆಯಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಬಳಿಯ ಒಂದು ಧಾರ್ಮಿಕ ಶಿಕ್ಷಣ ಸಂಸ್ಥೆಯಲ್ಲಿ ಗ್ರಂಥಪಾಲಕಿಯೊಬ್ಬರು ಕಪಾಟು ಒಪ್ಪಮಾಡುತ್ತಿದ್ದಾಗ ಕೆಳಗಿನ ಅರೆಯಲ್ಲಿ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹತ್ತು ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಮಾರಾಟವಾಗಿ, ಮರುವರ್ಷ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯನ್ನು ಸೇರಿತು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಸ್ಟ್ರಾವಿನ್ಸ್ಕಿಯ ‘ವಸಂತದ ಬಲಿ’ ನೃತ್ಯಸಂಗೀತ 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಕೋಲಾಹಲ ಎಬ್ಬಿಸಿದ್ದನ್ನು ನೀವು ಕೇಳಿರಬಹುದು. ಅದಕ್ಕೆ ಸುಮಾರು ಒಂದು ವರ್ಷ ಮೊದಲೇ, 1912ರ ಜೂನ್‌ನಲ್ಲಿ, ಒಬ್ಬ ಗೆಳೆಯನ ಮನೆಯಲ್ಲಿ ಸ್ಟ್ರಾವಿನ್ಸ್ಕಿ ಮತ್ತು ಡೆಬ್ಯೂಸಿ ಒಂದೇ ಪಿಯಾನೋ ಮುಂದೆ ಕುಳಿತು ಅದನ್ನು ನುಡಿಸಿದ್ದರು. ಡೆಬ್ಯೂಸಿ ಮಂದ್ರದ ಭಾಗವನ್ನು ಆ ಕ್ಷಣ ನೋಡಿ ಆ ಕ್ಷಣವೇ ನುಡಿಸಿದ. ನಾಲ್ಕು ಕೈಗಳ ಪುಸ್ತಕ 1913ರಲ್ಲೇ ಹೊರಬಂತು. ವಾದ್ಯವೃಂದದ ಪೂರ್ಣ ಸ್ವರಲಿಪಿ ಅಚ್ಚಾಗಲು 1921 ಆಗಬೇಕಾಯಿತು. ಈ ಕೃತಿಯ ಆರಂಭದಲ್ಲಿ ಬಸೂನ್ ವಾದ್ಯ ತನ್ನ ಎಟುಕಿಗೆ ಮೀರಿದ ಎತ್ತರದಲ್ಲಿ ಏದುಸಿರಿಟ್ಟು ಹಾಡುತ್ತದೆ. ಪಿಯಾನೋಗೆ ಆ ಎತ್ತರ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಏದುಸಿರೂ ಇಲ್ಲ. ಆದರೆ ಮುಂದೆ ಬರುವ ಕುಟ್ಟುವ ಸ್ವರಗುಚ್ಛಗಳು ಪಿಯಾನೋದಲ್ಲಿ ಇನ್ನಷ್ಟು ಮೊನಚಾಗುತ್ತವೆ. ನನ್ನ ಕಿವಿಗೆ ಈ ಒಂದು ಕೃತಿಯಲ್ಲಿ ಲಾಭನಷ್ಟ ಸರಿಸಮ.

ಮೊದಲ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ವಾದ್ಯವೃಂದ ಕೂಡಿಸಲು ಹಣವಿಲ್ಲದ ದಿನಗಳಲ್ಲಿ ಶೋಯೆನ್‌ಬರ್ಗ್ ಒಂದು ಖಾಸಗಿ ಸಂಗೀತ ಸಂಘವನ್ನು 1918ರಲ್ಲಿ ಕಟ್ಟಿ 1921ರವರೆಗೆ ನಡೆಸಿದ. ವಿಮರ್ಶಕರಿಗೆ ಪ್ರವೇಶವಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಕಷ್ಟದ ಕೃತಿಗಳನ್ನು ಮತ್ತೆ ಮತ್ತೆ ನುಡಿಸುವುದು ಅಲ್ಲಿನ ನಿಯಮ. ಮಾಹ್ಲರನ ಸಿಂಫನಿಗಳು ಅಲ್ಲಿ ನಾಲ್ಕು ಕೈಗಳಲ್ಲಿ ಕೇಳಿಬಂದವು. ಸೋವಿಯತ್ ರಷ್ಯಾದಲ್ಲಿ ಕಾರಣ ಬೇರೆಯೇ ಇತ್ತು. ಶೋಸ್ತಕೋವಿಚ್ ತನ್ನ ನಾಲ್ಕನೆಯ ಸಿಂಫನಿಯನ್ನು, ಸರ್ಕಾರದ ಕೋಪಕ್ಕೆ ಗುರಿಯಾಗಿದ್ದ 1936ರಲ್ಲಿ, ತಾಲೀಮಿನ ಹಂತದಲ್ಲೇ ಹಿಂತೆಗೆದುಕೊಂಡ. ಅದು ವಾದ್ಯವೃಂದದಲ್ಲಿ ಮೊದಲು ಕೇಳಿಬಂದದ್ದು 1961ರ ಡಿಸೆಂಬರ್ 30ರಂದು. ನಡುವಿನ ಇಪ್ಪತ್ತೈದು ವರ್ಷ ಆ ಕೃತಿ ಉಸಿರಾಡಿದ್ದು ಎರಡು ಪಿಯಾನೋಗಳ ರೂಪಾಂತರದಲ್ಲಿ, ಅದೂ ಕೆಲವೇ ಜನರ ನಡುವೆ. ಆತನ ಹತ್ತನೆಯ ಸಿಂಫನಿಯನ್ನು ಆತನೂ ಗೆಳೆಯ ವೈನ್‌ಬರ್ಗ್‌ನೂ ನಾಲ್ಕು ಕೈಗಳಲ್ಲಿ ನುಡಿಸಿದ 1954ರ ಧ್ವನಿಮುದ್ರಣ ಇಂದಿಗೂ ಕೇಳಸಿಗುತ್ತದೆ. ಎಲ್ಲಿಯೂ ನಯನಾಜೂಕಿಲ್ಲದ, ಅವಸರದ ನುಡಿಸಾಣಿಕೆ. ಸ್ವಂತ ಕಾಗದವನ್ನು ಗಟ್ಟಿಯಾಗಿ ಓದಿದಂತಿದೆ.

ಅಷ್ಟರಲ್ಲಿ ಮನೆಗಳಲ್ಲಿ ಈ ಪದ್ಧತಿ ಕ್ಷೀಣಿಸಿತ್ತು. 1920ರ ದಶಕದಲ್ಲಿ ರೇಡಿಯೋ ಬಂತು, 1925ರಿಂದ ವಿದ್ಯುತ್ ಧ್ವನಿಮುದ್ರಣ ಬಂತು, 1948ರಲ್ಲಿ ಉದ್ದ ಅವಧಿಯ ತಟ್ಟೆ ಬಂತು. ಸಿಂಫನಿ ಬೇಕಾದವರು ಬೆಂಚಿನಿಂದ ಎದ್ದು ಆರಾಮಕುರ್ಚಿಗೆ ಬಂದರು. ನಮ್ಮ ನಾಡಿಗೆ ಪಾಶ್ಚಾತ್ಯ ವಾದ್ಯವೃಂದದ ಸಂಗೀತ ಹೆಚ್ಚಾಗಿ ಈ ತಟ್ಟೆಗಳ ಮೂಲಕವೇ ಬಂತೆನ್ನಬಹುದು. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರ್ ಅವರು (1919–1974) ಮಾತ್ರ ಎರಡೂ ದಾರಿಗಳನ್ನು ಬಲ್ಲವರು. ಅವರು ಸ್ವತಃ ಪಿಯಾನೋ ಶಾಸ್ತ್ರೋಕ್ತವಾಗಿ ಕಲಿತವರು, ಗ್ರಾಮಫೋನ್ ತಟ್ಟೆಗಳ ಮಹಾ ಸಂಗ್ರಹಕಾರರು, ಕರ್ನಾಟಕ ಸಂಗೀತದ ವಾಗ್ಗೇಯಕಾರರೂ ಹೌದು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಕಾನ್ಚೆರ್ಟೋ ಎಂದರೆ ಒಬ್ಬ ವಾದಕ ಮತ್ತು ಇಡೀ ವಾದ್ಯವೃಂದ ಎದುರುಬದುರಾಗುವ ರಚನೆ. ಲೋಕದ ಎಲ್ಲ ಸಂಗೀತ ಶಾಲೆಗಳಲ್ಲೂ ಅದನ್ನು ಇವತ್ತಿಗೂ ಕಲಿಯುವುದು ಹೇಗೆ ಗೊತ್ತೇ? ವಾದ್ಯವೃಂದದ ಪಾಲನ್ನು ಎರಡನೆಯ ಪಿಯಾನೋದಲ್ಲಿ ಗುರುವೋ ಸಹಪಾಠಿಯೋ ನುಡಿಸುತ್ತಾರೆ. ಮನೆಗಳಲ್ಲಿ ಕಳೆದುಹೋದ ಪದ್ಧತಿ ಪಾಠದ ಕೋಣೆಯಲ್ಲಿ ಹೀಗೆ ಉಳಿದಿದೆ.

ಈಗ ನಿಮಗೊಂದು ಕೆಲಸ. ಪಿಯಾನೋ ಬೇಡ, ಸ್ವರಲಿಪಿ ಓದಲು ಬರಬೇಕೆಂದೂ ಇಲ್ಲ. ಬ್ರಾಹ್ಮ್ಸ್‌ನ ನಾಲ್ಕನೆಯ ಸಿಂಫನಿಯ ಕೊನೆಯ ಭಾಗವನ್ನು ಮೊದಲು ನಾಲ್ಕು ಕೈಗಳ ಪಿಯಾನೋ ರೂಪದಲ್ಲಿ ಹುಡುಕಿ ಕೇಳಿ. ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಕೈಯಲ್ಲೊಂದು ಪೆನ್ಸಿಲ್, ಮುಂದೊಂದು ಹಾಳೆ ಇರಲಿ. ಪ್ರತಿ ಆವರ್ತಕ್ಕೂ ಮೂರು ಎಣಿಕೆ. ಆರಂಭದಲ್ಲಿ ಆವರ್ತಕ್ಕೊಂದರಂತೆ ಎಂಟು ಗಟ್ಟಿ ಸ್ವರಗಳು ಬರುತ್ತವೆ. ಆ ಎಂಟು ಮುಗಿದಾಗ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಮತ್ತೆ ಎಂಟು, ಮತ್ತೊಂದು ಗೆರೆ. ಮೊದಲ ಸಲ ಲೆಕ್ಕ ತಪ್ಪುತ್ತದೆ, ನನಗೂ ತಪ್ಪಿತ್ತು. ನಡುವೆ ಒಂದೆಡೆ ನಡೆ ನಿಧಾನವಾಗಿ ಆವರ್ತಗಳು ಉದ್ದವಾಗುತ್ತವೆ, ಅಲ್ಲಿ ಒಂದೇ ಒಂದು ಸಾಲು ಒಂಟಿಯಾಗಿ ಅಲೆಯುತ್ತದೆ. ಅದರ ಪಕ್ಕದಲ್ಲಿ ಒಂದು ಗುರುತು ಹಾಕಿಡಿ. ಆಮೇಲೆ ಅದೇ ಭಾಗವನ್ನು ವಾದ್ಯವೃಂದದಲ್ಲಿ ಕೇಳಿ, ಆ ಗುರುತಿನ ಬಳಿ ಬಂದಾಗ ಯಾವ ವಾದ್ಯ ಹಾಡುತ್ತದೆಂದು ನೋಡಿ ಹಾಳೆಯಲ್ಲಿ ಬರೆದುಕೊಳ್ಳಿ. ಅದು ಹನ್ನೆರಡನೆಯ ಬದಲಾವಣೆ ಎಂದಷ್ಟೇ ಹೇಳುತ್ತೇನೆ, ವಾದ್ಯದ ಹೆಸರು ಕಾರ್ಯಕ್ರಮದಲ್ಲಿ ಬರುತ್ತದೆ.